ಆ ಫೋನ್ ಯಾರೂ ಎತ್ತುವುದಿಲ್ಲ

ಮಾನ್ಯ ಸಂಪಾದಕರೇ,

ಸ್ಕಾಟ್ಲೆಂಡಿನ ನಿರ್ದೇಶಕ ಬಿಲ್ ಫೋರ್ಸೈತ್ ಕುರಿತು ನಿಮ್ಮ ಸಿನಿಮಾ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಅವರನ್ನು ನೆನೆಸಿಕೊಂಡದ್ದೇ ಸಂತೋಷ. ಆದರೆ ‘ಸುಖಾಂತ್ಯಗಳ ಸರದಾರ’ ಎಂಬ ಬಿರುದು ಅವರಿಗೆ ಒಗ್ಗುವುದಿಲ್ಲ.

‘ಲೋಕಲ್ ಹೀರೋ’ (1983) ಚಿತ್ರವನ್ನೇ ತೆಗೆದುಕೊಳ್ಳಿ. ಅಮೆರಿಕದ ತೈಲ ಕಂಪನಿಯ ಪರವಾಗಿ ಸ್ಕಾಟ್ಲೆಂಡಿನ ಕಡಲತೀರದ ಇಡೀ ಊರನ್ನೇ ಕೊಳ್ಳಲು ಬಂದ ಮ್ಯಾಕ್, ಆ ಊರಿಗೇ ಮನಸೋತು, ಹ್ಯೂಸ್ಟನ್ನಿನ ತನ್ನ ಫ್ಲ್ಯಾಟಿಗೆ ಒಬ್ಬನೇ ಮರಳುತ್ತಾನೆ. ಜೇಬಿನಲ್ಲಿದ್ದ ಕಡಲ ಚಿಪ್ಪುಗಳನ್ನು ತೆಗೆದಿಟ್ಟು ಬಾಲ್ಕನಿಗೆ ಹೋಗಿ ನಿಲ್ಲುತ್ತಾನೆ. ಫೋರ್ಸೈತ್ ಯೋಚಿಸಿದಂತೆ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಅವನು ಊರಲ್ಲೇ ಉಳಿದುಬಿಡಲಿ ಎಂದು ಸ್ಟುಡಿಯೊದವರು ಪಟ್ಟು ಹಿಡಿದರು. ಫೋರ್ಸೈತ್ ಜಗ್ಗಲಿಲ್ಲ. ಚಿತ್ರೀಕರಣದಲ್ಲಿ ಮಿಕ್ಕಿದ್ದ ಊರಿನ ಒಂದು ಲಾಂಗ್ ಶಾಟ್ ಹುಡುಕಿ, ಅದರಲ್ಲಿದ್ದ ಕೆಂಪು ಫೋನ್ ಬೂತಿಗೆ ರಿಂಗಿನ ಸದ್ದು ಜೋಡಿಸಿದರು. ಫೋನ್ ಬಡಿದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಮ್ಯಾಕನೇ ಕರೆ ಮಾಡಿದ್ದಾನೆಂದು ನಾವು ಅಂದುಕೊಳ್ಳುತ್ತೇವೆ, ಅಷ್ಟೆ. ಸ್ಟುಡಿಯೊಗೆ ಸಮಾಧಾನ, ಚಿತ್ರಕ್ಕೆ ಇನ್ನೂ ಒಂದು ಗುಟುಕು ವಿಷಾದ.

ಚಿತ್ರದ ಊರಾಗಿ ಕಾಣುವುದು ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಪೆನನ್. ಲೇಖನದಲ್ಲಿ ‘ಪೆನನ್ ಊರಿನ ಬಿಳಿ ಮರಳ ತೀರ’ ಎಂದಿದೆ. ಪೆನನ್‌ನಲ್ಲಿ ಅಂಥ ತೀರವಿಲ್ಲ. ಬಂಡೆಗುಡ್ಡದ ಬುಡದಲ್ಲಿ ಒಂದೇ ಸಾಲು ಮನೆ, ಮುಂದೆ ಕಿರಿದಾದ ರಸ್ತೆ, ಅದರಾಚೆ ಕಲ್ಲುಗುಂಡಿನ ದಡ. ತೆರೆಯ ಮೇಲಿನ ಮರಳು ಸ್ಕಾಟ್ಲೆಂಡಿನ ಇನ್ನೊಂದು ಅಂಚಿನದು, ಪಶ್ಚಿಮದಲ್ಲಿ ಮೊರಾರ್ ಬಳಿಯ ಕ್ಯಾಮಸ್‌ಡಾರಕ್. ಪೂರ್ವದಲ್ಲಿ ಮನೆಯ ಬಾಗಿಲು ದಾಟಿದ ಪಾತ್ರ ಮುಂದಿನ ಶಾಟಿನಲ್ಲಿ ಪಶ್ಚಿಮದ ಮರಳಿನಲ್ಲಿ ನಡೆಯುತ್ತಿರುತ್ತದೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸದಿರುವುದೇ ಉಪಾಯ. ಫೋನ್ ಬೂತ್ ಕೂಡ ಚಿತ್ರಕ್ಕೆಂದು ತಂದಿಟ್ಟ ಸಾಮಾನು. ಊರಿನ ಅಸಲಿ ಬೂತ್ ತುಸು ಆಚೆಗಿದೆ, 1989ರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೂ ಸೇರಿತು.

1999ರ ‘ಗ್ರೆಗರೀಸ್ ಟೂ ಗರ್ಲ್ಸ್’ ನಂತರ ಅವರು ಕಥಾಚಿತ್ರ ಮಾಡದ್ದಕ್ಕೆ ‘ಸರಕು ತೀರಿತು’ ಎಂಬ ಕಾರಣ ಕೊಟ್ಟಿದ್ದೀರಿ. ದುಡ್ಡಿನ ಲೆಕ್ಕವನ್ನೂ ನೋಡಬೇಕಿತ್ತು: ಬಜೆಟ್ ಏರಿದಂತೆ ಅವರ ಸ್ವಾತಂತ್ರ್ಯ ಕುಗ್ಗಿತು. ಗ್ಲಾಸ್ಗೋ ಯೂತ್ ಥಿಯೇಟರಿನ ಹುಡುಗರನ್ನು ಕಟ್ಟಿಕೊಂಡು ‘ದಟ್ ಸಿಂಕಿಂಗ್ ಫೀಲಿಂಗ್’ (1979) ಮಾಡಿದಾಗ ಕೈಯಲ್ಲಿದ್ದದ್ದು ಕೆಲವೇ ಸಾವಿರ ಪೌಂಡ್. ಕೆಲಸವಿಲ್ಲದ ಹುಡುಗರು ಸ್ಟೀಲ್ ಸಿಂಕುಗಳನ್ನು ಕದಿಯುವ ಕಥೆ ಅದು. ನಗು ಉಕ್ಕುವುದೇ ಬಡತನದಿಂದ. ಗ್ಲಾಸ್ಗೋ ಬಳಿಯ ಕಂಬರ್ನಾಲ್ಡ್ ಪಟ್ಟಣದಲ್ಲಿ ತೆಗೆದ ‘ಗ್ರೆಗರೀಸ್ ಗರ್ಲ್’ಗೆ ಸುಮಾರು 2 ಲಕ್ಷ ಪೌಂಡ್. ಅದರಲ್ಲಿ ಪೆಂಗ್ವಿನ್ ವೇಷದ ಮಗುವೊಂದು ಶಾಲೆಯ ಕಾರಿಡಾರಿನಲ್ಲಿ ಸುಮ್ಮನೆ ಅಲೆಯುತ್ತದೆ. ಯಾಕೆಂದು ಯಾರೂ ಹೇಳುವುದಿಲ್ಲ, ಹೇಳಿದ್ದರೆ ಕೆಟ್ಟುಹೋಗುತ್ತಿತ್ತು. ರಾಬಿನ್ ವಿಲಿಯಮ್ಸ್ ನಟಿಸಿದ ‘ಬೀಯಿಂಗ್ ಹ್ಯೂಮನ್’ (1994) ಬಂದಾಗ ಬಜೆಟ್ ಕೋಟಿಗಟ್ಟಲೆ ಡಾಲರಿಗೆ ಏರಿತ್ತು, ಸ್ಟುಡಿಯೊದ ಕೈಯೂ ಎಡಿಟಿಂಗ್ ಕೋಣೆಯೊಳಕ್ಕೆ ಬಂದಿತ್ತು. ಕತ್ತರಿ ಬಿತ್ತು, ಅಂತ್ಯವನ್ನು ಸಿಹಿ ಮಾಡಿಸಿದರು, ಮೇಲೊಂದು ನಿರೂಪಣೆಯ ದನಿ ಅಂಟಿಸಿದರು. ಐದು ಕಾಲಘಟ್ಟಗಳಲ್ಲಿ ಬರುವ ಒಬ್ಬನೇ ಮನುಷ್ಯನ ಕಥೆಯಲ್ಲಿ, ನಾವೇ ಹೊಂದಿಸಿಕೊಳ್ಳಬೇಕಾದ ಕೊಂಡಿಗಳನ್ನು ಆ ದನಿ ಬಿಡಿಸಿ ಬಿಡಿಸಿ ಹೇಳುತ್ತದೆ. ಹೇಳದೆ ಬಿಡುವುದೇ ಕಸುಬಾಗಿದ್ದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕೆ? ಚಿತ್ರ ನೆಲಕಚ್ಚಿತು.

‘ಕಂಫರ್ಟ್ ಅಂಡ್ ಜಾಯ್’ (1984) ಅನ್ನು ‘ಐಸ್‌ಕ್ರೀಮ್ ಗಾಡಿಗಳ ತಮಾಷೆ ಜಗಳ’ ಎಂದಷ್ಟೇ ಬರೆದರೆ ಅರ್ಧ ಮಾತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಚಿತ್ರ ತೆರೆಗೆ ಬರುವ ಮೊದಲೇ, ಗ್ಲಾಸ್ಗೋದಲ್ಲಿ ಇಂಥದೇ ಗಾಡಿಗಳ ವೈಷಮ್ಯದ ನಡುವೆ ಬೆಂಕಿ ಹಚ್ಚಿ ಒಂದೇ ಕುಟುಂಬದ ಆರು ಮಂದಿಯನ್ನು ಕೊಂದಿದ್ದರು. ಚಿತ್ರದ ನಗುವನ್ನು ಅಲ್ಲಿನವರು ನಮ್ಮಷ್ಟು ಹಗುರವಾಗಿ ನೋಡಿರಲಾರರು.

ಕೊನೆಗೊಂದು ಸೂಚನೆ. ‘ಗ್ರೆಗರೀಸ್ ಗರ್ಲ್’ ನೋಡಹೊರಟವರು ಧ್ವನಿಯನ್ನು ಮೊದಲೇ ಪರೀಕ್ಷಿಸಿಕೊಳ್ಳಿ. ಅಮೆರಿಕದ ಬಿಡುಗಡೆಗೆಂದು ಸ್ಕಾಟಿಷ್ ಉಚ್ಚಾರವನ್ನು ತೆಳುವಾಗಿಸಿ ಡಬ್ ಮಾಡಿದ ಪ್ರತಿಯೊಂದು ಇದೆ. ಕಥೆ ಎರಡರಲ್ಲೂ ಅದೇ, ಆದರೆ ಹುಡುಗರ ತೊದಲು ಮಾತಿನ ಲಯ ಡಬ್ಬಿಂಗಿನಲ್ಲಿ ಕೆಡುತ್ತದೆ. ಸಬ್‌ಟೈಟಲ್ ಹಾಕಿಕೊಂಡಾದರೂ ಸರಿ, ಮೂಲ ಧ್ವನಿಯಲ್ಲೇ ನೋಡಿ.

ಇಂತಿ,
ಒಬ್ಬ ಓದುಗ