ತಾಯಂದಿರ ಸಂಜೆ ತರಗತಿಗೆ ನೆರವಾಗಿ: ಅತ್ತೆಯವರ ನೆನಪಿನಲ್ಲಿ ಒಂದು ಮನವಿ

ಮಾನ್ಯ ಕನ್ನಡ ಬಂಧುಗಳೇ,

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಪಟ್ಟಣದಲ್ಲಿ ನಮ್ಮ ಧರ್ಮಕೇಂದ್ರದ (ಚರ್ಚಿನ) ಸಭಾಭವನವಿದೆ. ವಲಸೆ ಬಂದ ತಾಯಂದಿರಿಗೆ ಅಲ್ಲಿ ಸಂಜೆಯ ಹೊತ್ತು ಉಚಿತವಾಗಿ ಇಂಗ್ಲಿಷ್ ಕಲಿಸಲಾಗುತ್ತಿದೆ. ಈ ತರಗತಿ ನಿಲ್ಲದೆ ನಡೆಯಬೇಕೆಂದು, ಕಳೆದ ಚಳಿಗಾಲದಲ್ಲಿ ನಮ್ಮನ್ನು ಅಗಲಿದ ನನ್ನ ಅತ್ತೆಯವರ ನೆನಪಿನಲ್ಲಿ ಕುಟುಂಬದವರೆಲ್ಲ ಸೇರಿ ಒಂದು ನಿಧಿ ಆರಂಭಿಸಿದ್ದೇವೆ. ಅದಕ್ಕೆ ನಿಮ್ಮ ದೇಣಿಗೆ ಕೋರಿ ಈ ಪತ್ರ. ಅತ್ತೆ ಪೋರ್ಚುಗೀಸರು, ನಾನು ಚಿಕ್ಕಮಗಳೂರು ಜಿಲ್ಲೆಯವಳು. ತಮ್ಮ ಹೆಸರನ್ನು ಎಲ್ಲಿಯೂ ಹಾಕಿಸಬಾರದೆಂದು ಅವರು ಮೊದಲೇ ಹೇಳಿದ್ದರು. ಆ ಮಾತನ್ನು ಇಲ್ಲಿಯೂ ಪಾಲಿಸಿದ್ದೇನೆ.

ಅವರು ಹುಟ್ಟಿ ಬೆಳೆದದ್ದು ಅಟ್ಲಾಂಟಿಕ್ ಸಾಗರದ ನಡುವಿನ, ಪೋರ್ಚುಗಲ್‌ಗೆ ಸೇರಿದ ಅಸೋರಿಸ್ ದ್ವೀಪಗಳಲ್ಲೊಂದಾದ ಫಾಯಲ್‌ನಲ್ಲಿ. 1957ರ ಸೆಪ್ಟೆಂಬರ್ 27ರಂದು ಆ ದ್ವೀಪದ ಪಶ್ಚಿಮ ತುದಿಯ ಕಪೆಲಿನ್ಯುಶ್ ಬಳಿ ಸಮುದ್ರದೊಳಗೆ ಜ್ವಾಲಾಮುಖಿ ಸ್ಫೋಟಿಸಿತು. 1958ರ ಅಕ್ಟೋಬರ್‌ವರೆಗೂ ಅದು ತಣ್ಣಗಾಗಲಿಲ್ಲ. ಹೊಲಗದ್ದೆಗಳು ಬೂದಿಯಡಿ ಹೂತುಹೋದವು, ಬೂದಿಯ ಭಾರಕ್ಕೆ ಮನೆಗಳ ಮಾಡುಗಳು ಕುಸಿದವು. ಆಗ ಮ್ಯಾಸಚೂಸೆಟ್ಸ್‌ನ ಸೆನೆಟರ್ ಆಗಿದ್ದ ಜಾನ್ ಎಫ್. ಕೆನಡಿ ಮತ್ತು ರೋಡ್ ಐಲೆಂಡ್‌ನ ಸೆನೆಟರ್ ಜಾನ್ ಪಾಸ್ಟೋರ್ ಮುಂದೆ ನಿಂತು, ಮನೆಮಠ ಕಳೆದುಕೊಂಡ ಕುಟುಂಬಗಳ ಯಜಮಾನರಿಗೆ 1,500 ವೀಸಾ ಕೊಡುವ ಕಾಯ್ದೆಯನ್ನು 1958ರಲ್ಲಿ ತಂದರು. ಆಗತಾನೇ ಮದುವೆಯಾಗಿದ್ದ ಅತ್ತೆ ಮಾವ ಫಾಲ್ ರಿವರ್ ಸೇರಿದ್ದು ಈ ಕಾಯ್ದೆಯ ದೆಸೆಯಿಂದ.

ಮುಂದಿನ ಮೂವತ್ತು ವರ್ಷ ಅವರು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದರು. ಹೊಲಿದ ಕಾಲರುಗಳ ಲೆಕ್ಕಕ್ಕೆ ಕೂಲಿ. ಬಲಗೈಯ ತೋರುಬೆರಳಿಗೆ ಒಮ್ಮೆ ಸೂಜಿ ಹೊಕ್ಕು, ಉಗುರು ಸೀಳಿಯೇ ಬೆಳೆಯುತ್ತಿತ್ತು. ಆ ಬೆರಳಿನಲ್ಲೇ ಪ್ರತಿ ರಾತ್ರಿ ಜಪಸರದ ಮಣಿ ಸರಿಸುತ್ತಿದ್ದರು. ಮಕ್ಕಳು ಎಷ್ಟೇ ನಿದ್ದೆಗಣ್ಣಿನಲ್ಲಿದ್ದರೂ ಜಪಸರ ಮುಗಿಯದೆ ಯಾರೂ ಮಲಗುವಂತಿರಲಿಲ್ಲ.

ಈಸ್ಟರ್‌ನಿಂದ ಪವಿತ್ರಾತ್ಮರ ಹಬ್ಬವಾದ ಪೆಂತೆಕೋಸ್ತ್‌ವರೆಗಿನ ಏಳು ವಾರ ಅವರ ಪಾಲಿಗೆ ವರ್ಷದ ಅತ್ಯಂತ ಪವಿತ್ರ ಕಾಲ. ಅಸೋರಿಸ್‌ನವರಲ್ಲಿ ಪವಿತ್ರಾತ್ಮರ ಹೆಸರಿನ ಬೆಳ್ಳಿಯ ಕಿರೀಟ ಆಗ ವಾರಕ್ಕೊಂದು ಮನೆಗೆ ಬರುತ್ತದೆ, ಅದರ ಮುಂದೆ ನೆರೆಹೊರೆಯವರೆಲ್ಲ ಕೂಡಿ ಜಪಸರ ಹೇಳುತ್ತಾರೆ. ನಮ್ಮ ಮನೆಯ ಸರದಿ ಬಂದಾಗ ಅತ್ತೆ ಹೊಲಿಗೆ ಯಂತ್ರವನ್ನು ಎತ್ತಿಟ್ಟು, ಅದೇ ಮೇಜಿಗೆ ಇಸ್ತ್ರಿ ಮಾಡಿದ ಬಿಳಿ ವಸ್ತ್ರ ಹಾಸಿ, ಹೂವಿಟ್ಟು ಕಿರೀಟವನ್ನು ಕೂರಿಸುತ್ತಿದ್ದರು. ಹಬ್ಬಕ್ಕೆ ಸಿಹಿರೊಟ್ಟಿಯ ಹಿಟ್ಟನ್ನು ಹಿಂದಿನ ರಾತ್ರಿಯೇ ನಾದಿ, ಅಂಗೈಯ ಅಂಚಿನಿಂದ ಅದರ ಮೇಲೆ ಶಿಲುಬೆಯ ಗುರುತು ಹಾಕಿ, ಚಳಿ ತಾಗದಂತೆ ಕಂಬಳಿ ಹೊದಿಸಿಡುತ್ತಿದ್ದರು. ಹಬ್ಬದ ದಿನ ಮಾಂಸದ ಸಾರನ್ನು ರೊಟ್ಟಿಯ ಮೇಲೆ ಸುರಿದು, ಪುದೀನ ಹಾಕಿ, ಬಂದವರಿಗೆಲ್ಲ ಬಡಿಸುತ್ತಾರೆ. ಯಾರು, ಎಲ್ಲಿಯವರು ಎಂದು ಕೇಳುವವರಿಲ್ಲ. ನಮ್ಮ ಕಡೆಯ ಜಾತ್ರೆಗಳ ಅನ್ನಸಂತರ್ಪಣೆಯನ್ನು ಕಂಡವಳಿಗೆ ಆ ಪಂಕ್ತಿ ಹೊಸದೆನಿಸಲಿಲ್ಲ. ಬಡವರಿಗೆ ಉಣಬಡಿಸಿದ ಪೋರ್ಚುಗಲ್‌ನ ರಾಣಿ ಸಂತ ಇಸಾಬೆಲ್ ಈ ಪದ್ಧತಿಗೆ ಮೂಲವೆಂದು ಅವರಲ್ಲಿ ನಂಬಿಕೆ.

ಇಷ್ಟು ಗಟ್ಟಿ ಹೆಣ್ಣುಮಗಳಿಗೆ ಕೊನೆಯವರೆಗೂ ಉಳಿದ ಕೊರಗು ಒಂದೇ. ಇಂಗ್ಲಿಷ್ ಇನ್ನೂ ಬಾರದಿದ್ದ ಕಾಲದಲ್ಲಿ ಅವರಿಗೆ ಗರ್ಭ ನಿಲ್ಲದೆ ಹೋಯಿತು. ಆಸ್ಪತ್ರೆಗೆ ಹೋದಾಗ ವೈದ್ಯರ ಮಾತನ್ನು ಅವರಿಗೂ ಅವರ ಮಾತನ್ನು ವೈದ್ಯರಿಗೂ ತಿಳಿಸಿದವಳು ಎಂಟು ವರ್ಷದ ಮಗಳು. ಮಗು ಹೋಯಿತೆಂಬ ಮಾತನ್ನು ತಾಯಿಗೆ ಹೇಳಬೇಕಾದವಳೂ ಅವಳೇ. ನನ್ನ ನಾದಿನಿಗೆ ಈಗ ಅರವತ್ತು ದಾಟಿದೆ, ಆ ದಿನದ ಮಾತೆತ್ತಿದರೆ ಇಂದಿಗೂ ಎದ್ದು ಹೊರಗೆ ಹೋಗುತ್ತಾಳೆ. ಯಾವ ತಾಯಿಯೂ ತನ್ನ ನೋವನ್ನು ಮಗುವಿನ ಬಾಯಿಂದ ಹೇಳಿಸಬೇಕಾಗಿ ಬರಬಾರದು ಎಂದು ಅತ್ತೆ ಹೇಳುತ್ತಲೇ ಇದ್ದರು. ಈ ನಿಧಿಯ ಉದ್ದೇಶ ಅಷ್ಟೇ, ಅದಕ್ಕಿಂತ ದೊಡ್ಡ ಉದ್ದೇಶ ನನಗೆ ತಿಳಿಯದು.

ತರಗತಿಗೆ ಈಗ ಬರುವವರಲ್ಲಿ ಬ್ರೆಜಿಲ್, ಕೇಪ್ ವರ್ಡ್, ಗ್ವಾಟೆಮಾಲಾದ ಹೆಂಗಸರಿದ್ದಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ಇಲ್ಲಿಯೇ ನೆಲೆಸಿರುವ ನಮ್ಮ ಕನ್ನಡದ ತಾಯಂದಿರೂ ಇದ್ದಾರೆ. ಔಷಧದ ಚೀಟಿ ಓದುವುದು, ನೋವು ಎಲ್ಲಿ, ಎಂದಿನಿಂದ ಎಂದು ಹೇಳುವುದು, ಆಸ್ಪತ್ರೆಯಲ್ಲಿ ದುಭಾಷಿ ಬೇಕೆಂದು ಕೇಳುವುದು ಮೊದಲ ಪಾಠಗಳು. ಶಿಕ್ಷಕಿಯರ ಗೌರವಧನ, ಪುಸ್ತಕ, ಹಿಮ ಬೀಳುವ ತಿಂಗಳುಗಳಲ್ಲಿ ಮನೆಗೆ ಬಿಡುವ ವ್ಯಾನು, ತರಗತಿಯ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಸಂಬಳ ಇವಕ್ಕೆ ಹಣ ಬೇಕು. ತರಗತಿಗೆ ಮುಂಚೆ ಬಿಸಿ ಸೂಪು ಮತ್ತು ರೊಟ್ಟಿಯನ್ನು ಮಾತ್ರ ನಾವು, ಅವರ ಮಕ್ಕಳು ಸೊಸೆಯಂದಿರೇ ಮಾಡಿ ತರುತ್ತೇವೆ. ಅದಕ್ಕೆ ದೇಣಿಗೆಯ ಹಣ ಮುಟ್ಟುವುದಿಲ್ಲ.

ನಿಮ್ಮ ಶಕ್ತ್ಯಾನುಸಾರ ಕೊಡಿ, ಚಿಕ್ಕ ಮೊತ್ತವೆಂದು ಸಂಕೋಚ ಬೇಡ. ಹತ್ತಿರದಲ್ಲಿರುವವರು ಹಣದ ಬದಲು ವಾರಕ್ಕೊಂದು ಸಂಜೆ ಕೊಟ್ಟರೂ ಸಂತೋಷ. ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರ ಅಗತ್ಯ ಬಹಳವಿದೆ. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ, ವರ್ಷದ ಜಮಾಖರ್ಚನ್ನು ಎಲ್ಲ ದಾನಿಗಳಿಗೂ ಕಳುಹಿಸುತ್ತೇವೆ. ದಾನಿಗಳ ಹೆಸರನ್ನು ಫಲಕದಲ್ಲಿ ಬರೆಸುವುದಿಲ್ಲ. ಬ್ಯಾಂಕ್ ಖಾತೆಯ ವಿವರ ಮತ್ತು ಸ್ವಯಂಸೇವಕರ ಅರ್ಜಿ ಈ ಪತ್ರದೊಂದಿಗೆ ಲಗತ್ತಾಗಿವೆ. ಪೆಂತೆಕೋಸ್ತ್ ಹಬ್ಬದೊಳಗೆ ತಲುಪಿದರೆ ಮುಂದಿನ ಚಳಿಗಾಲದ ವ್ಯಾನನ್ನು ಈಗಲೇ ಗೊತ್ತುಮಾಡಲು ಅನುಕೂಲವಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಕುಟುಂಬದವರ ಪರವಾಗಿ, ಸೊಸೆ