ಬರೀ ಹೂವು ತಾನೆ ಅಂತ ಎಳೀಬೇಡ್ರಪ್ಪ

ಸಂಪಾದಕರೇ,

ಮೊನ್ನೆ ಅಕ್ಕನ ಮಗನ ರೂಮಲ್ಲಿ ಒಂದು ಪುಟ್ಟ ಸೀಸೆ ಸಿಕ್ತು, ಮುಚ್ಚಳ ತೆಗೆದ್ರೆ ಘಮ್ಮಂತ ಮಲ್ಲಿಗೆ, ಕೆಳಗೆ ಗ್ಲಿಸರಿನ್, ಮೇಲೆ ಎಣ್ಣೆ ಪದರ ಬೇರೇನೇ ತೇಲ್ತಿತ್ತು. ಕೇಳಿದ್ರೆ "ವೇಪ್‌ಗೆ ಚಿಕ್ಕಮ್ಮ, ನಿಕೋಟಿನ್ ಇಲ್ಲ, ಬರೀ ಮಲ್ಲಿಗೆ ತುಳಸಿ, ಎಲ್ಲಾ ನ್ಯಾಚುರಲ್" ಅಂತಾನೆ. ವೇಪ್ ಅಂದ್ರೆ ಇ-ಸಿಗರೇಟ್, ದ್ರವ ಕಾಯಿಸಿ ಆವಿ ಎಳೆಯೋ ಪೆನ್ನಿನಂಥ ಸಾಧನ.

ಅಲ್ಲಾ, ತುಳಸಿ ಕಷಾಯ ಕುಡಿದ್ರೆ ಹೊಟ್ಟೇಲಿ ಕರಗುತ್ತೆ, ಎಣ್ಣೆನ ವೇಪ್ ಒಳಗಿನ ಬಿಸಿ ತಂತಿ (ಕಾಯಿಲ್) ಮೇಲೆ ಕಾಯಿಸಿ ಎಳ್ಕೊಂಡ್ರೆ ಅದು ಶ್ವಾಸಕೋಶದಲ್ಲೇ ಕೂತು ಲಿಪಾಯ್ಡ್ ನ್ಯುಮೋನಿಯಾ, ಅಂದ್ರೆ ಎಣ್ಣೆಯಿಂದಾಗೋ ಶ್ವಾಸಕೋಶದ ಉರಿಯೂತ, ತರಬಹುದು, ಆ ಜಾಗಕ್ಕೆ ಎಣ್ಣೆ ಅರಗಿಸ್ಕೊಳ್ಳೋ ಶಕ್ತಿ ಎಲ್ಲಿದೆ? 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದು ಸಾವಿರಾರು ಜನ ಆಸ್ಪತ್ರೆ ಸೇರಿದ್ರಲ್ಲ, 2020ರ ಫೆಬ್ರವರಿ ಹೊತ್ತಿಗೆ 68 ಜನ ಸತ್ತೇ ಹೋಗಿದ್ರು, ಆಗ ಮುಖ್ಯವಾಗಿ ಸಿಕ್ಕಿಬಿದ್ದಿದ್ದು ವಿಟಮಿನ್ ಇ ಅಸಿಟೇಟ್, ಮುಖಕ್ಕೆ ಹಚ್ಚೋ ಕ್ರೀಮಲ್ಲಿ ತೊಂದ್ರೆ ಕೊಡದೇ ಇರೋ ಎಣ್ಣೆಯಂಥ ಪದಾರ್ಥ ಅದು.

ನಮ್ಮಲ್ಲಿ ಇ-ಸಿಗರೇಟ್ 2019ರಿಂದ ಬ್ಯಾನ್, ನಿಕೋಟಿನ್ ಇರ್ಲಿ ಬಿಡ್ಲಿ, ಮಾರಿದ್ರೆ ಮೊದಲನೇ ಸಲಕ್ಕೇ 1 ವರ್ಷದವರೆಗೆ ಜೈಲು ಇಲ್ಲಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಆದ್ರೂ ಹುಡುಗರ ಕೈಗೆ ಆ ಪೆನ್ನಿನಂಥದ್ದು ಹೆಂಗೆ ಬರ್ತಿದೆಯೋ! ನಿಮ್ಮ ಆರೋಗ್ಯ ಪುಟದಲ್ಲಿ ಡಾಕ್ಟರ್ ಹತ್ರ ಈ ಬಗ್ಗೆ ಒಂದ್ಸಲ ಬರೆಸಿ. ಸೀಸೆನ ಸಿಂಕಿಗೆ ಸುರಿದೆ, ಅಡುಗೆಮನೆ ಇನ್ನೂ ಘಮ್ಮಂತಿದೆ.

– ಒಬ್ಬ ಚಿಕ್ಕಮ್ಮ, ಮೈಸೂರು