ಮಗಳಿಗೊಂದು ಪತ್ರ: ಯಾವ ಕಾಮಾಲೆ ಅಂತ ಮೊದಲು ಕೇಳು

ಪುಟ್ಟೀ,

ಪಕ್ಕದ ಫ್ಲಾಟಿನವರಿಗೆ ಕಾಮಾಲೆ, ಅವರ ಮನೆ ತಟ್ಟೆ ಮುಟ್ಟಲೂ ಭಯ ಅಂದೆಯಲ್ಲ, ಫೋನಿನಲ್ಲಿ ನಾನು ಅರ್ಧ ಹೇಳಿ ಅರ್ಧ ಬಿಟ್ಟೆ. ಇಷ್ಟು ವರ್ಷ ನರ್ಸ್ ಆಗಿದ್ದವಳು, ಬಸುರಿ ಮಗಳಿಗೆ ಸರಿಯಾಗಿ ಹೇಳದಿದ್ದರೆ ಹೇಗೆ?

ಕಣ್ಣು ಹಳದಿಯಾದರೆ ಲಿವರಿಗೆ ಏಟು ಬಿದ್ದಿರಬಹುದು ಅಂತ ಗೊತ್ತಾಗುತ್ತದೆ, ಯಾವ ವೈರಸ್ಸಿನಿಂದ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ರಕ್ತ ಪರೀಕ್ಷೆಯೇ ಆಗಬೇಕು.

ಲಿವರಿಗೆ ಏಟು ಕೊಡುವ ಹೆಪಟೈಟಿಸ್ ವೈರಸ್ಸುಗಳಲ್ಲಿ ಎ, ಬಿ, ಸಿ, ಡಿ, ಇ ಅಂತ ಐದು ಬಗೆ. ಎ ಮತ್ತು ಇ ಹೊಲಸು ನೀರು, ಊಟದಿಂದ ಬರುವಂಥವು. ಸಾಮಾನ್ಯವಾಗಿ ಕೆಲವು ವಾರ ಕಾಡಿ ತಾವೇ ಹೋಗುತ್ತವೆ. ನಾಟಿ ಔಷಧಿಗೆ ಹೆಸರು ಬಂದಿದ್ದೂ ಹೀಗೇ! ನಿಮ್ಮತ್ತೆ ಬೇರು ತರಿಸುತ್ತೇನೆ ಅಂದರೆ ಬೇಡ ಅನ್ನು, ನನ್ನ ಹೆಸರು ಹೇಳು. ಎ-ಗೆ ಲಸಿಕೆ ಇದೆ. ನನಗೆ ಹೆದರಿಕೆ ಇರುವುದು ಇ ಬಗ್ಗೆ. ಏಳು ತಿಂಗಳಾದ ಮೇಲೆ ಅದು ಬಂದರೆ ತಾಯಿಯ ಜೀವಕ್ಕೇ ಅಪಾಯ. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ಸೇರಿ ಸುಮಾರು 29,000 ಜನಕ್ಕೆ ಕಾಮಾಲೆಯಾಯಿತು. ಅದು ಇ ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಚೀನಾದಲ್ಲಿ ಇದಕ್ಕೆ ಲಸಿಕೆ ಬಂದಿದೆ, ನಿನಗೆ ಮಾತ್ರ ಕುದಿಸಿ ಆರಿಸಿದ ನೀರೇ ಗತಿ. ಟ್ಯಾಂಕರ್ ನೀರು, ಸಂಪಿನ ನೀರು ನಂಬಬೇಡ. ಪಾನಿಪುರಿ, ಐಸ್ ಹಾಕಿದ ಕಬ್ಬಿನ ಹಾಲು ಬಾಣಂತನ ಮುಗಿಯುವ ತನಕ ಬಿಡು.

ಬಿ ತಟ್ಟೆಯಿಂದ, ಜೊತೆಗೆ ಕೂತು ಉಂಡರೆ ಬರುವುದಿಲ್ಲ. ರಕ್ತ, ಸೂಜಿ, ದೈಹಿಕ ಸಂಬಂಧ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ, ಇವೇ ಅದರ ದಾರಿ. ದೊಡ್ಡವರಿಗೆ ತಗುಲಿದರೆ ಹೆಚ್ಚಿನವರ ಮೈಯಿಂದ ತಾನೇ ಹೋಗುತ್ತದೆ. ಹಸುಗೂಸಿಗೆ ತಗುಲಿದರೆ ಹತ್ತರಲ್ಲಿ ಒಂಬತ್ತು ಪಾಲು ಜನ್ಮಪೂರ್ತಿ ಉಳಿದು, ಸದ್ದಿಲ್ಲದೆ ಲಿವರ್ ತಿನ್ನುತ್ತದೆ. ಟೆನೊಫೊವಿರ್‌ನಂಥ ಮಾತ್ರೆ ಅದನ್ನು ಹಿಡಿತದಲ್ಲಿಡುತ್ತದೆ, ಬೇರುಸಹಿತ ತೆಗೆಯುವುದು ಅಪರೂಪ. ಅದಕ್ಕೇ ಮಗು ಹುಟ್ಟಿದ 24 ಗಂಟೆಯೊಳಗೆ ಬಿ ಲಸಿಕೆ ಬೀಳಬೇಕು. ಭಾನುವಾರ, ಹಬ್ಬ ಅಂತ ಯಾರಾದರೂ ಮುಂದೂಡಿದರೆ ಜಗಳ ಮಾಡಿಯಾದರೂ ಹಾಕಿಸು. ದೇಶಪೂರ್ತಿ ಸರ್ಕಾರಿ ಪಟ್ಟಿಗೆ ಈ ಲಸಿಕೆ ಬಂದಿದ್ದೇ 2011ರಲ್ಲಿ. ನಿನಗೆ ನಾನು ದುಡ್ಡು ಕೊಟ್ಟು ಹಾಕಿಸಿದ್ದೆ, ಅಳಿಯಂದಿರಿಗೆ ಆಗಿದೆಯೋ ಕೇಳು. ಆಗಿಲ್ಲದಿದ್ದರೆ ಪರೀಕ್ಷೆ ಮಾಡಿಸಿ, ಆರು ತಿಂಗಳಲ್ಲಿ ಮೂರು ಚುಚ್ಚು. ಡಿ ಅನ್ನುವುದು ಬಿ ಇದ್ದವರಿಗೆ ಮಾತ್ರ ಅಂಟುತ್ತದೆ, ಬಿ ತಡೆದರೆ ಅದೂ ಇಲ್ಲ.

ಸಿ-ಗೆ ಲಸಿಕೆಯೇ ಇಲ್ಲ. ಆದರೆ ನಾನು ಕಣ್ಣಾರೆ ಕಂಡ ದೊಡ್ಡ ಬದಲಾವಣೆ ಇದರಲ್ಲೇ. ಮೊದಲು ತಿಂಗಳುಗಟ್ಟಲೆ ಇಂಟರ್‌ಫೆರಾನ್ ಇಂಜೆಕ್ಷನ್, ಜ್ವರ, ಕೂದಲು ಉದುರುವುದು, ಆದರೂ ಎಷ್ಟೋ ಜನಕ್ಕೆ ವಾಸಿಯಾಗುತ್ತಿರಲಿಲ್ಲ. ಈಗ ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿಗೆ ಪೂರ್ತಿ ಗುಣ. 2018ರಲ್ಲಿ ಶುರುವಾದ ಸರ್ಕಾರದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಅದು ಉಚಿತ.

ಬಸುರಿ ಅಂತ ನಿನಗೆ ಕೊಟ್ಟ ತಾಯಿ ಕಾರ್ಡ್ ತೆಗೆದು ನೋಡು, ಎಚ್‌ಬಿಎಸ್‌ಎಜಿ ಅಂತ, ಮೈಯಲ್ಲಿ ಬಿ ಇದೆಯೇ ಅಂತ ತಿಳಿಸುವ ಒಂದು ರಕ್ತ ಪರೀಕ್ಷೆ ಬರೆದಿರಬೇಕು. ಆ ಜಾಗ ಖಾಲಿಯಿದ್ದರೆ ಈ ವಾರವೇ ಮಾಡಿಸಿ, ರಿಪೋರ್ಟಿನ ಫೋಟೋ ವಾಟ್ಸಾಪಿಗೆ ಹಾಕು.

ನಿನ್ನ
ಅಮ್ಮ